ಅಪ್‌ಡೇಟ್: 10:26:26 ಗೊಬ್ಬರದಲ್ಲಿ ಪೊಟ್ಯಾಷ್ ಜಾಸ್ತಿ ಬರೋದು ಯಾಕೆ?

ಕೇಳಿದ್ದು ಇಷ್ಟು: ಶಿವಮೊಗ್ಗದ ಲ್ಯಾಬ್‌ನಲ್ಲಿ ಪೊಟ್ಯಾಷ್ ಅಳೆಯುವ ಸೋಡಿಯಂ ಟೆಟ್ರಾಫಿನೈಲ್ ಬೋರೇಟ್ ವಿಧಾನಕ್ಕೆ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ) ಸರಿಯಾಗಿ ಬರುತ್ತೆ, 10:26:26 (ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ) ಮಾತ್ರ ಮಳೆಗಾಲದಲ್ಲಿ ಹೆಚ್ಚು ತೋರಿಸುತ್ತೆ, ಯಾಕೆ? ಅಮೋನಿಯಂ ಮೇಲೆ ಅನುಮಾನ ಪಟ್ಟವರ ಮಾತೇ ನಿಜ.

ಟೆಟ್ರಾಫಿನೈಲ್ ಬೋರೇಟ್ ಪೊಟ್ಯಾಸಿಯಂ ಜೊತೆ ಅಮೋನಿಯಂ ಅನ್ನೂ ತಳಕ್ಕಿಳಿಸುತ್ತೆ, ಅದೂ ಪೊಟ್ಯಾಷ್ ಲೆಕ್ಕಕ್ಕೇ ಸೇರುತ್ತೆ. ಎಂಒಪಿಯಲ್ಲಿ ಅಮೋನಿಯಂ ಇಲ್ಲ, ಆ ತಂಟೆಯೂ ಇಲ್ಲ. ಅಮೋನಿಯಂ ಕಟ್ಟಿಹಾಕೋದು ಫಾರ್ಮಾಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್). ಮಳೆಗಾಲದ ಥಂಡಿಗೆ ಅದರ ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕೂತಿತ್ತು, ಅದು ಪ್ಯಾರಾಫಾರ್ಮಾಲ್ಡಿಹೈಡ್. ಮೇಲಿನ ತಿಳಿಯಲ್ಲಿ ಕಸುವಿಲ್ಲ. ಫಾರ್ಮಾಲಿನ್ ಅನ್ನು ಫ್ರಿಜ್‌ನಲ್ಲಿಡಲೇಬೇಡಿ.

ಈಗಿನ ಕ್ರಮ: 2.5 ಗ್ರಾಂ ಮಾದರಿ, 4% ಅಮೋನಿಯಂ ಆಕ್ಸಲೇಟ್ 50 ಮಿಲಿ, ನೀರು 125 ಮಿಲಿ, ಅರ್ಧ ಗಂಟೆ ಕುದಿಸಿ, ಆರಿಸಿ 250ಕ್ಕೆ ತುಂಬಿಸಿ. ಅದರಲ್ಲಿ 15 ಮಿಲಿ 100ರ ಫ್ಲಾಸ್ಕಿಗೆ. ಮೊದಲು 20% ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) 2 ಮಿಲಿ, ಆಮೇಲೆ ಫಾರ್ಮಾಲಿನ್ 5 ಮಿಲಿ, ಕೊನೆಗೆ ಬೋರೇಟ್ 34 ಮಿಲಿ, ಅಂದ್ರೆ ನಿರೀಕ್ಷಿತ ಪೊಟ್ಯಾಷ್ ಶೇಕಡಾ ಒಂದಕ್ಕೆ 1 ಮಿಲಿಯಂತೆ 26, ಮೇಲೆ ಹೆಚ್ಚುವರಿ 8. ಕಾಸ್ಟಿಕ್ ಬಿಡುವಂತಿಲ್ಲ: ಫಾರ್ಮಾಲಿನ್ ಅಮೋನಿಯಂ ಹಿಡಿದಾಗ ಆಮ್ಲ ಹುಟ್ಟುತ್ತೆ, ಅದನ್ನು ಕೊಲ್ಲದಿದ್ದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತೆ. ಗುರುತಿಗೆ ತುಂಬಿಸಿ, ಹತ್ತು ನಿಮಿಷ ಬಿಟ್ಟು ಸೋಸಿ. ಮಬ್ಬಾಗಿದ್ದರೆ ಮತ್ತೆ ಸೋಸಿ. ಆಮೇಲೆ ಉಳಿದ ಬೋರೇಟ್ ಅಳೆಯಲು ಸೋಸಿದ್ದರಲ್ಲಿ 50 ಮಿಲಿ ತೆಗೆದು ಟೈಟಾನ್ ಯೆಲ್ಲೋ ಸೂಚಕ ಹಾಕಿ ಬೆಂಜಾಲ್ಕೋನಿಯಂ ಕ್ಲೋರೈಡಿನಿಂದ ಗುಲಾಬಿ ಬರುವವರೆಗೆ ಟೈಟ್ರೇಟ್ ಮಾಡಿ.

ವ್ಯಾಲಿಡೇಶನ್‌ಗೆ ಎಂಒಪಿ ಸ್ಟ್ಯಾಂಡರ್ಡ್ ಒಂದೇ ನಂಬಬೇಡಿ. ಶುದ್ಧ ಅಮೋನಿಯಂ ಫಾಸ್ಫೇಟ್ ಓಡಿಸಿ, ಪೊಟ್ಯಾಷ್ ಸೊನ್ನೆ ಬರಬೇಕು. ಅದಕ್ಕೇ 1.03 ಗ್ರಾಂ ಒಣ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ 2.5 ಗ್ರಾಂ ಲೆಕ್ಕದಲ್ಲಿ 26% ಪೊಟ್ಯಾಷ್ (K2O) ಸಿಗಬೇಕು.

ಇನ್ನೊಂದು: ಪುಡಿ ಮಾಡಿದ ಮಾದರಿ ತೆರೆದಿಟ್ಟು 2% ತೇವ ಎಳೆದರೆ 26 ಇದ್ದದ್ದು 25.5 ಆಗುತ್ತೆ. ಬಿರಡೆ ಹಾಕಿದ ಬಾಟಲಿಯಿಂದಲೇ ತೂಗಿ.