ಕೆಸೆಟ್ ಆಗಿದೆ, ಪಿಎಚ್‌ಡಿ ಇಲ್ಲ: ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದೇ?

ಅತಿಥಿ ಉಪನ್ಯಾಸಕಿ, ಹಾವೇರಿ
ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಕೆಸೆಟ್‌ನಲ್ಲಿ (ಕರ್ನಾಟಕದ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆ) ಅರ್ಹತೆ ಪಡೆದು, ಮೂರು ವರ್ಷಗಳಿಂದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಪದವಿಯಲ್ಲಿ ಶೇ. 66, ಸ್ನಾತಕೋತ್ತರದಲ್ಲಿ ಶೇ. 68 ಅಂಕಗಳಿವೆ, ಎರಡು ಸಂಶೋಧನಾ ಲೇಖನಗಳು ಪ್ರಕಟವಾಗಿವೆ. ವಿಶ್ವವಿದ್ಯಾಲಯದ ವಿಭಾಗಗಳಿಗೆ ಪಿಎಚ್‌ಡಿ ಕಡ್ಡಾಯವೆಂದು ಕೆಲವರು, ಅಲ್ಲವೆಂದು ಕೆಲವರು ಹೇಳುತ್ತಾರೆ. ಈಗಲೇ ಅರ್ಜಿ ಹಾಕಲೇ, ಮೊದಲು ಸಂಶೋಧನೆಗೆ ಸೇರಲೇ?

ನಿವೃತ್ತ ಪ್ರಾಧ್ಯಾಪಕ
ಎರಡೂ ಮಾತಿಗೆ ಆಧಾರವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯು 2021ರ ಜುಲೈನಿಂದ ವಿಶ್ವವಿದ್ಯಾಲಯದ ವಿಭಾಗಗಳಿಗೆ ಪಿಎಚ್‌ಡಿಯನ್ನು ಕಡ್ಡಾಯಗೊಳಿಸಿತ್ತು. ಅದು 2023ರ ಜುಲೈಗೆ ಮುಂದೂಡಲ್ಪಟ್ಟು, ಜಾರಿಗೆ ಬರುವ ಹೊತ್ತಿಗೆ ತಿದ್ದುಪಡಿಯಾಗಿ, ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್, ಇಲ್ಲವೇ ಕೆಸೆಟ್‌ನಂಥ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಗಿ ಉಳಿದು ಪಿಎಚ್‌ಡಿ ಐಚ್ಛಿಕವಾಯಿತು. ಆದ್ದರಿಂದ ನೀವು ಅರ್ಹರು.

ಆದರೆ ಅರ್ಹತೆಯೇ ಬೇರೆ, ಸಂದರ್ಶನದ ಕರೆ ಬರುವುದೇ ಬೇರೆ. ಅದೇ ನಿಯಮಾವಳಿಯ ಕೋಷ್ಟಕದ ಪ್ರಕಾರ ನಿಮ್ಮ ಪದವಿಗೆ 13, ಸ್ನಾತಕೋತ್ತರಕ್ಕೆ 23, ಕೆಸೆಟ್‌ಗೆ 3, ಎರಡು ಲೇಖನಗಳಿಗೆ 4, ಮೂರು ವರ್ಷಗಳ ಬೋಧನೆಗೆ 6, ಒಟ್ಟು 49 ಅಂಕಗಳಾಗುತ್ತವೆ. ಪಿಎಚ್‌ಡಿ ಒಂದಕ್ಕೇ 30 ಅಂಕಗಳಿವೆ. ಒಂದು ಹುದ್ದೆಗೆ ಹತ್ತಾರು ಡಾಕ್ಟರೇಟ್ ಪಡೆದವರು ಅರ್ಜಿ ಹಾಕುವಾಗ 49 ಅಂಕಗಳಿಗೆ ಕರೆ ಬರುವುದು ದುರ್ಲಭ. ಈ ಅಂಕಗಳು ಕರೆಯುವುದಕ್ಕೆ ಮಾತ್ರ. ಅಂತಿಮ ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ.

ಸಂಶೋಧನಾರ್ಥಿ, ಧಾರವಾಡ
ಮೇಡಂ, ಕೆಸೆಟ್‌ಗೆ ಕರ್ನಾಟಕದೊಳಗೆ ಮಾತ್ರ ಮಾನ್ಯತೆ ಇರುವುದರಿಂದ ನೆಟ್ ಬರೆಯುವುದನ್ನು ಬಿಡಬೇಡಿ. ನೆಟ್ ಮೂಲಕ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಕೋಷ್ಟಕದಲ್ಲಿ 3ರ ಬದಲು 7 ಅಂಕಗಳು; ಜೊತೆಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆನಂತರ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಜೆಆರ್‌ಎಫ್‌ಗೆ ವಯೋಮಿತಿ 30. ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆ ಇದೆ. ಅನುದಾನಿತ ಸಂಶೋಧನಾ ಪ್ರಾಜೆಕ್ಟ್‌ಗಳಲ್ಲಿ ಹುದ್ದೆಗಳೂ ಇವೆ, ಆದರೆ ಅನುದಾನ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಸೇರುವ ಮೊದಲು ಅದೇ ವಿಷಯದಲ್ಲಿ ಪಿಎಚ್‌ಡಿ ನೋಂದಣಿಗೆ ಅವಕಾಶವಿದೆಯೇ ಎಂದು ಮಾರ್ಗದರ್ಶಕರನ್ನು ನೇರವಾಗಿ ಕೇಳಿ.

ಅತಿಥಿ ಉಪನ್ಯಾಸಕಿ, ಹಾವೇರಿ
ಇಬ್ಬರಿಗೂ ಧನ್ಯವಾದಗಳು. ಕಾಲೇಜು ಬಿಡದೆ ಪಿಎಚ್‌ಡಿ ಮಾಡಿದರೆ ಆ ವರ್ಷಗಳು ಅನುಭವವೆಂದು ಲೆಕ್ಕಕ್ಕೆ ಬರುತ್ತವೆಯೇ?

ನಿವೃತ್ತ ಪ್ರಾಧ್ಯಾಪಕ
ಪಿಎಚ್‌ಡಿಗೆ ವ್ಯಯಿಸಿದ ಅವಧಿಯನ್ನು ಅನುಭವವೆಂದು ತೋರಿಸುವಂತಿಲ್ಲ. ಆದರೆ ಯಾವುದೇ ರಜೆ ಪಡೆಯದೆ ಬೋಧಿಸುತ್ತಲೇ ಸಂಶೋಧನೆ ಮಾಡಿದ್ದರೆ ಆ ಬೋಧನಾ ಸೇವೆಗೆ ಮಾನ್ಯತೆ ಇದೆ. ನಿಮ್ಮ ವಿಷಯದಲ್ಲಿ ತೊಡಕಿರುವುದು ಬೇರೆ ಕಡೆ. ತಾತ್ಕಾಲಿಕ ಸೇವೆಯನ್ನು ಪರಿಗಣಿಸಬೇಕಾದರೆ, ಆಗ ಪಡೆದ ಒಟ್ಟು ವೇತನವು ಕಾಯಂ ಸಹಾಯಕ ಪ್ರಾಧ್ಯಾಪಕರ ಮಾಸಿಕ ವೇತನಕ್ಕಿಂತ ಕಡಿಮೆಯಿರಬಾರದೆಂಬ ಷರತ್ತು ಅದೇ ನಿಯಮಾವಳಿಯಲ್ಲಿದೆ. ಅತಿಥಿ ಉಪನ್ಯಾಸಕರ ಗೌರವಧನ ಎಷ್ಟೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. (ದುಡಿಸಿಕೊಳ್ಳುವಾಗ ಇಲ್ಲದ ಬಿಗಿ ಲೆಕ್ಕ ಹಾಕುವಾಗ ಮಾತ್ರ ಇರುತ್ತದೆ.) ಪರಿಶೀಲನಾ ಸಮಿತಿ ಈ ಷರತ್ತನ್ನು ಹಿಡಿದರೆ ನಿಮ್ಮ 49 ಅಂಕಗಳು 43ಕ್ಕೆ ಇಳಿಯುತ್ತವೆ. ಆದ್ದರಿಂದ ಅಧಿಸೂಚನೆ ಬಂದಾಗ ಅರ್ಜಿ ಹಾಕಿ, ಆದರೆ ಅತಿಥಿ ಸೇವೆಯನ್ನು ನೆಚ್ಚಿಕೊಂಡು ಪಿಎಚ್‌ಡಿಯನ್ನು ಮುಂದೂಡಬೇಡಿ. ಪ್ರಾಂಶುಪಾಲರಿಂದ ಸೇವಾ ಪ್ರಮಾಣಪತ್ರವನ್ನು ಪ್ರತಿ ಶೈಕ್ಷಣಿಕ ವರ್ಷದ ಕೊನೆಯಲ್ಲೇ, ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳೊಡನೆ ಪಡೆದಿಟ್ಟುಕೊಳ್ಳಿ.