ಸೊಮ್ಯಾಟಿಕ್ ಅಂದರೆ ದೇಹವೋ, ಮೈಯೋ? ಡಾನ್ಸ್ ಥೆರಪಿಸ್ಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮುಗಿಸಿದ ಮಕ್ಕಳಿಗಾಗಿ, ಅಷ್ಟಾಗಿ ಕೇಳಿರದ ಕೆಲಸಗಳ ಬಗ್ಗೆ ಚಿಕ್ಕ ಚಿಕ್ಕ ಬರಹ ಬರೆಯುತ್ತಿದ್ದೇನೆ. ಈ ಸಲದ್ದು ಡಾನ್ಸ್ ಮೂವ್‌ಮೆಂಟ್ ಥೆರಪಿ, ಅಂದರೆ ಮೈಯ ಚಲನೆಯ ಮೂಲಕ ಮಾಡುವ ಮನೋಚಿಕಿತ್ಸೆ. ಇದನ್ನು ಮಾಡುವವರಿಗೆ ನೃತ್ಯ ಗೊತ್ತಿರಬೇಕು, ಮೈಯನ್ನು ಒಳಗಿನಿಂದ ಗಮನಿಸುವ ಅಭ್ಯಾಸ (ಇಂಗ್ಲಿಷಿನಲ್ಲಿ ‘ಸೊಮ್ಯಾಟಿಕ್’ ಅಭ್ಯಾಸ) ಇರಬೇಕು, ಮನೋಚಿಕಿತ್ಸೆಯ ತರಬೇತಿಯೂ ಆಗಿರಬೇಕು. ಮಾಹಿತಿ ಬೇಕಾದಷ್ಟಿದೆ. ಕನ್ನಡದ ಪದಗಳೇ ಕೈಕೊಡುತ್ತಿವೆ.

ಪತ್ರಿಕೆಗಳು ‘ನೃತ್ಯ ಚಿಕಿತ್ಸೆ’ ಅಂತ ಬರೆಯುತ್ತವೆ. ಹಾಗಂದ ಕೂಡಲೇ ಗೆಜ್ಜೆ, ಮುದ್ರೆ, ರಂಗಪ್ರವೇಶ ಕಣ್ಣಮುಂದೆ ಬರುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ಮರಿಯನ್ ಚೇಸ್ ಅನ್ನುವ ನರ್ತಕಿ 1942ರಲ್ಲಿ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಶುರುಮಾಡಿದರು. ರೋಗಿ ಮಾತೇ ಆಡದೆ ಕೂತಲ್ಲೇ ತೂಗಾಡುತ್ತಿದ್ದರೆ, ಎದುರಿಗೆ ನಿಂತು ತಾನೂ ಅದೇ ಲಯದಲ್ಲಿ ತೂಗಾಡುವುದು, ಆಮೇಲೆ ಮೆಲ್ಲಗೆ ಆ ಲಯವನ್ನು ಹಿಗ್ಗಿಸುವುದು. ಇಂಥದ್ದು ಅವರ ದಾರಿ. ಕುಣಿಯಲು ಬಾರದವರು ನೆಲ ಡೊಂಕು ಅನ್ನಬೇಕಾದ ಪ್ರಮೇಯವೇ ಇಲ್ಲ. 1966ರಲ್ಲಿ ಹುಟ್ಟಿದ ಅಮೆರಿಕದ ಡಾನ್ಸ್ ಥೆರಪಿ ಸಂಘಕ್ಕೆ ಚೇಸ್ ಅವರೇ ಮೊದಲ ಅಧ್ಯಕ್ಷೆ. ಆ ಸಂಘ ಕೂಡ ಇದನ್ನು ಚಲನೆಯ ಮೂಲಕ ಮಾಡುವ ಮನೋಚಿಕಿತ್ಸೆ ಅಂತಲೇ ವಿವರಿಸುತ್ತದೆ.

ರೋಗಿಯ ಎದುರು ಚೇಸ್ ಮಾಡುತ್ತಿದ್ದುದಕ್ಕೆ ಇಂಗ್ಲಿಷಿನಲ್ಲಿ ‘ಮಿರರಿಂಗ್’ ಅನ್ನುತ್ತಾರೆ. ‘ಅನುಕರಣೆ’ ಅಂದರೆ ನಕಲು ಹೊಡೆದ ಹಾಗಾಗುತ್ತದೆ, ‘ಅಣಕ’ ಅಂದರೆ ಕತೆ ಮುಗೀತು. ‘ದನಿಗೂಡಿಸು’ ಅನ್ನುತ್ತೇವಲ್ಲ, ಅದೇ ಜಾಡಿನಲ್ಲಿ ‘ಲಯಗೂಡಿಸು’ ಅನ್ನಬಹುದಾ?

‘ಮೂವ್‌ಮೆಂಟ್’ಗೆ ‘ಚಲನೆ’ ಅಂತ ಬರೆದಿದ್ದೇನೆ. ಸ್ವಲ್ಪ ಫಿಸಿಕ್ಸ್ ಪುಸ್ತಕದ ವಾಸನೆ ಇದೆ, ಪರವಾಗಿಲ್ಲ. ‘ಚಲನವಲನ’ ಬೇಡವೇ ಬೇಡ. ಅದರ ಹಿಂದೆ ಪೊಲೀಸರು ಬರುತ್ತಾರೆ.

ನಿಜವಾದ ತಲೆನೋವು ‘ಸೊಮ್ಯಾಟಿಕ್’. ಗ್ರೀಕಿನ ‘ಸೋಮ’ ಅಂದರೆ ದೇಹ. ನಮ್ಮ ಸೋಮನಿಗೂ ಸೋಮವಾರಕ್ಕೂ ಸಂಬಂಧ ಇಲ್ಲ. 1970ರ ದಶಕದಲ್ಲಿ ಥಾಮಸ್ ಹ್ಯಾನಾ ಅನ್ನುವ ಅಮೆರಿಕದ ತತ್ತ್ವಶಾಸ್ತ್ರಜ್ಞ ಇದಕ್ಕೆ ಒಂದು ವಿಶೇಷ ಅರ್ಥ ಕೊಟ್ಟರು: ಹೊರಗಿನವರು ನೋಡುವ ದೇಹವಲ್ಲ, ನಮಗೇ ಒಳಗಿನಿಂದ ಗೊತ್ತಾಗುವ ದೇಹ. ಮೇಷ್ಟ್ರು ‘ಭುಜ ಇಳಿಸು’ ಅಂದರೆ ಅದು ಹೊರಗಿನ ನೋಟ. ‘ಎರಡು ಭುಜದಲ್ಲಿ ಯಾವುದು ಭಾರ ಅನ್ನಿಸುತ್ತಿದೆ?’ ಅಂತ ಕೇಳಿ ಸುಮ್ನೆ ಕಾದರೆ ಅದು ಸೊಮ್ಯಾಟಿಕ್.

‘ದೈಹಿಕ’ ಅಂತ ಬರೆದರೆ ಪಿ.ಟಿ. ಪೀರಿಯಡ್ ನೆನಪಾಗುತ್ತದೆ. ‘ಮನೋದೈಹಿಕ’ ಅನ್ನುವುದು ಆಗಲೇ ‘ಸೈಕೋಸೊಮ್ಯಾಟಿಕ್’, ಅಂದರೆ ಮನಸ್ಸಿನ ಒತ್ತಡ ಮೈಯಲ್ಲಿ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಹೋಗಿಬಿಟ್ಟಿದೆ. ‘ಆಂಗಿಕ’ ಅಂದರೆ ಭರತನಾಟ್ಯದವರು ಅಭಿನಯ ಅಂದುಕೊಳ್ಳುತ್ತಾರೆ. ನನಗೆ ಸರಿ ಕಾಣುವುದು ‘ಮೈ’. ದೇಹವನ್ನು ಡಾಕ್ಟರು ಪರೀಕ್ಷೆ ಮಾಡುತ್ತಾರೆ, ಜುಂ ಅನ್ನುವುದು ಮೈ. ‘ದೇಹ ಜುಂ ಅಂತು’ ಅಂತ ಯಾರೂ ಹೇಳಲ್ಲ, ಅಲ್ವಾ? ಉತ್ತರ ಕರ್ನಾಟಕದವರು ‘ಮೈಯಾಗ ಆರಾಮಿಲ್ಲ’ ಅನ್ನುವಾಗಲೂ ಅದು ಒಳಗಿನಿಂದ ಬಂದ ವರದಿಯೇ. ಮೈಮರೆ, ಮೈಗೂಡು, ಮೈಯೆಲ್ಲ ಕಣ್ಣಾಗು, ಎಲ್ಲದರಲ್ಲೂ ಮೈಯೂ ಮನಸ್ಸೂ ಬೇರೆ ಬೇರೆ ಇಲ್ಲ. ಹ್ಯಾನಾ ಅಷ್ಟು ಕಷ್ಟಪಟ್ಟು ಹೇಳಿದ್ದು ನಮ್ಮ ಅಡುಗೆಮನೆ ಮಾತಿನಲ್ಲೇ ಇದೆ ಅನ್ನಿಸುತ್ತದೆ.

ಆದರೆ ‘ಮೈ ಚಿಕಿತ್ಸೆ’ ಅಂತ ಬೋರ್ಡ್ ಹಾಕಿದರೆ ಜನ ಮಸಾಜಿಗೆ ಬರುತ್ತಾರೆ. ‘ಮೈಯರಿವು’ ಆದೀತೇ? ‘ಸೊಮ್ಯಾಟಿಕ್ ಅಭ್ಯಾಸ’ಕ್ಕೆ ‘ಮೈಯರಿವಿನ ಅಭ್ಯಾಸ’?

ಇನ್ನೊಂದು ತೊಡಕು. ಮೇರಿ ವೈಟ್‌ಹೌಸ್ ಶುರುಮಾಡಿ, ಜಾನೆಟ್ ಆಡ್ಲರ್ ಬೆಳೆಸಿದ ‘ಅಥೆಂಟಿಕ್ ಮೂವ್‌ಮೆಂಟ್’ನಲ್ಲಿ ಒಬ್ಬರು ಕಣ್ಣು ಮುಚ್ಚಿ, ಒಳಗಿನಿಂದ ಬಂದ ಹಾಗೆ ಚಲಿಸುತ್ತಾರೆ. ಇನ್ನೊಬ್ಬರು ಪಕ್ಕದಲ್ಲಿ ಕೂತು, ತೀರ್ಪು ಕೊಡದೆ ನೋಡುತ್ತಾರೆ. ಇದನ್ನು ಕನ್ನಡದಲ್ಲಿ ಬರೆದು ಗೆಳತಿಗೆ ಓದಿದರೆ, ‘ಓ, ಮೈಮೇಲೆ ಬರೋದಾ?’ ಅಂದಳು! ಅಲ್ಲ, ಇಲ್ಲಿ ಎಚ್ಚರ ತಪ್ಪುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ‘ಸಾಕ್ಷಿ’ ಅನ್ನುವ ಪದ ವೇದಾಂತ ಓದಿದವರಿಗೆ ಹಿತವಾಗಿ ಕೇಳೀತು, ಉಳಿದವರಿಗೆ ಕೋರ್ಟು. ‘ನೋಡುಗ’ ಅಂದರೆ ಪ್ರೇಕ್ಷಕ. ಏನು ಮಾಡೋಣ?

ಕೊನೆಗೆ, ಈ ಕೆಲಸ ಮಾಡುವವರ ಹೆಸರು. ‘ನೃತ್ಯ ವೈದ್ಯ’ ಸರಿಯಲ್ಲ, ಅವರು ವೈದ್ಯರಲ್ಲ. ‘ಆಪ್ತಸಮಾಲೋಚಕಿ’ ಎಲ್ಲರಿಗೂ ಗೊತ್ತಿರುವ ಒಳ್ಳೆಯ ಪದ, ಆದರೆ ಅದು ಮಾತಿನ ಕೆಲಸ. ನಮ್ಮ ದೇಶದ 2021ರ ಅಲೈಡ್ ಹೆಲ್ತ್‌ಕೇರ್ (ವೈದ್ಯರಲ್ಲದ ಆರೋಗ್ಯ ವೃತ್ತಿಗಳ) ಕಾಯ್ದೆಯ ಪಟ್ಟಿಯಲ್ಲಿ ‘ಮೂವ್‌ಮೆಂಟ್ ಥೆರಪಿಸ್ಟ್’ ಅನ್ನುವ ನಮೂದಿದೆ, ಡಾನ್ಸ್ ಥೆರಪಿಸ್ಟ್‌ಗಳೂ ಅದರೊಳಗೇ ಬರುತ್ತಾರೆ. ಅಂದರೆ ಇವತ್ತಲ್ಲ ನಾಳೆ ಸರ್ಕಾರಿ ಅರ್ಜಿಯಲ್ಲಿ ಕನ್ನಡದ ಹೆಸರು ಬೇಕೇ ಬೇಕು. ಸುಮ್ಮನಿದ್ದರೆ ‘ಚಲನಾ ಚಿಕಿತ್ಸಕ’ ಅಂತ ಅಚ್ಚಾಗುತ್ತದೆ. ಸದ್ಯಕ್ಕೆ ನಾನು ‘ಡಾನ್ಸ್ ಥೆರಪಿಸ್ಟ್’ ಅಂತಲೇ ಇಟ್ಟು, ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟಿದ್ದೇನೆ.

ನಿಮ್ಮ ಕಡೆ ಆಸ್ಪತ್ರೆಯಲ್ಲೋ ವಿಶೇಷ ಶಾಲೆಯಲ್ಲೋ ಇಂಥವರು ಇದ್ದರೆ, ಅಲ್ಲಿನ ಮಕ್ಕಳು, ಅಪ್ಪ ಅಮ್ಮ ಅವರನ್ನು ಏನಂತ ಕರೆಯುತ್ತಾರೆ? ‘ಡಾನ್ಸ್ ಮಿಸ್’ ಅಂತಿದ್ದರೂ ಬರೆಯಿರಿ.