ಹ್ಯಾಂಡ್‌ಓವರ್‌ಗೆ ‘ಒಪ್ಪಿಸುವುದು’ ಅನ್ನಬಹುದೇ?

ಗೆಳೆಯರೇ,

ವಾರ್ಡಿನಲ್ಲಿ ತರಬೇತಿ ಪಡೆಯುವ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ, ತಂಡವಾಗಿ ಕೆಲಸ ಮಾಡುವುದರ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ಹ್ಯಾಂಡ್‌ಓವರ್’ ಹತ್ತಿರ ಬಂದು ನಿಂತುಬಿಟ್ಟೆ. ಪಾಳಿ ಮುಗಿಸಿದವರು ಮುಂದಿನ ಪಾಳಿಯವರಿಗೆ ರೋಗಿಯ ವಿವರ ಹೇಳಿ ಹೊಣೆ ದಾಟಿಸುವುದು.

‘ಹಸ್ತಾಂತರ’ ಜಮೀನಿಗೋ ಅಧಿಕಾರಕ್ಕೋ ಹೊಂದುವ ಮಾತು. ‘ಒಪ್ಪಿಸುವುದು’ ನನಗೆ ತುಂಬಾ ಇಷ್ಟ. ‘ಒಪ್ಪು’ವಿನಿಂದ ಬಂದದ್ದು. ಎದುರಿನವರು ಒಪ್ಪಿಕೊಂಡ ಮೇಲೇ ಕೆಲಸ ಮುಗಿಯಿತು ಅನ್ನುವ ಭಾವ ಪದದೊಳಗೇ ಇದೆ. ತೊಡಕೂ ಅಲ್ಲೇ. ‘ಪಾಠ ಒಪ್ಪಿಸು’ ಅಂದರೆ ಬಾಯಿಪಾಠ ಹೇಳುವುದು, ಅಲ್ವಾ? ವಿದ್ಯಾರ್ಥಿಗಳು ಮಾಡುವ ತಪ್ಪೂ ಅದೇ.

ಮೊನ್ನೆ ಅಭ್ಯಾಸದಲ್ಲಿ ಒಬ್ಬಳು ಗಡಗಡನೆ ಹೇಳಿದಳು: “ಆರನೇ ಬೆಡ್, ಜ್ವರ ಇಳಿದಿದೆ, ಬಿಪಿ ಸ್ವಲ್ಪ ಕಡಿಮೆ, ಡ್ರಿಪ್ ಹೋಗ್ತಿದೆ.” ಎದುರಿನ ಹುಡುಗ ಬರೆದುಕೊಳ್ಳುತ್ತಾ ಪ್ರತಿ ಮಾತಿಗೂ ‘ಹೂಂ’ ಅಂದ. ಆಮೇಲೆ “ಬಿಪಿ ಎಷ್ಟು?” ಎಂದು ಕೇಳಿದೆ. ಇಬ್ಬರೂ ಸುಮ್ಮನಾದರು. ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ಹಾಗಾಗಿ ಕೇಳಿಸಿಕೊಳ್ಳುವವರ ಕೆಲಸಕ್ಕೂ ಒಂದು ಪದ ಬೇಕು. ಕೇಳಿದ್ದನ್ನು ತಿರುಗಿ ಹೇಳಿ, ಹೇಳಿದವರ ಬಾಯಿಂದ ‘ಸರಿ’ ಅನ್ನಿಸಿಕೊಳ್ಳುವುದಕ್ಕೆ ‘ಕ್ಲೋಸ್ಡ್ ಲೂಪ್’ ಅನ್ನುತ್ತಾರೆ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಬೀಳುತ್ತವೆ. “ಒನ್ ಫೈವ್, ಹದಿನೈದು ತಾನೇ?” ಅಂತ ಕೇಳಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ‘ಮುಚ್ಚಿದ ಸುತ್ತು’ ಅಂತ ಬರೆದರೆ ಯಾರಿಗೂ ತಿಳಿಯದು. ಸದ್ಯಕ್ಕೆ ‘ಮರುನುಡಿ’ ಅಂತ ಇಟ್ಟಿದ್ದೇನೆ. “ಹೂಂಗುಟ್ಟಬೇಡಿ, ಮರುನುಡಿಯಿರಿ” ಅಂದಾಗ ಹುಡುಗರಿಗೆ ಥಟ್ಟನೆ ಹೊಳೆಯಿತು.

‘ಎಸ್‌ಬಾರ್’ ಅಷ್ಟು ಕಷ್ಟ ಕೊಡಲಿಲ್ಲ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ, ರೋಗಿಯ ವಿಷಯ ತಿಳಿಸುವ 4 ಹಂತಗಳ ಕ್ರಮ ಅದು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೇನು ಅನ್ನಿಸುತ್ತದೆ, ಏನು ಮಾಡಬೇಕು. ಮೂರನೆಯದನ್ನು ಹಿರಿಯರ ಮುಂದೆ ಹೇಳಲು ಕಿರಿಯರು ಹಿಂಜರಿಯುತ್ತಾರೆ. ಅದಕ್ಕೆ ಪದ ಸಾಲದು, ಧೈರ್ಯ ಕಲಿಸಬೇಕು.

ಮತ್ತೆ ಮೊದಲ ಪದಕ್ಕೆ ಬರುತ್ತೇನೆ. ವಾರ್ಡಿನ ಮಾತಿನಲ್ಲಿ ‘ಹ್ಯಾಂಡ್‌ಓವರ್ ಕೊಟ್ಟೆ’, ‘ಹ್ಯಾಂಡ್‌ಓವರ್ ತಗೊಂಡೆ’ ಎರಡೂ ಇವೆ. ಕೊಡುವವರೂ ಕಾಣುತ್ತಾರೆ, ತಗೊಳ್ಳುವವರೂ ಕಾಣುತ್ತಾರೆ. ‘ಒಪ್ಪಿಸು’ ಜೊತೆಗೆ ‘ವಹಿಸಿಕೊ’ ಇಟ್ಟರೆ ಸಾಕಾದೀತೇ? ಬೀಗದ ಕೈ, ಲೆಕ್ಕಪತ್ರ ಒಪ್ಪಿಸುವಾಗ ನೋಡಿ, ಎಣಿಸಿ ಪಡೆದುಕೊಳ್ಳುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.